ಹೊಸ ಸ್ಪೀಕರ್ ತರುವ ಮೊದಲು ಪಡಸಾಲಿ ನೋಡ್ರಿ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕರಜಗಿ ಕಡೆ ಬರುವ ಟಂಟಂಗಳ ಮೇಲೆ ದೊಡ್ಡ ದೊಡ್ಡ ರಟ್ಟಿನ ಡಬ್ಬಿಗಳು ಕಾಣತೊಡಗುತ್ತವೆ. ಒಂದರಲ್ಲಿ ಟಿವಿ, ಒಂದರಲ್ಲಿ ಫ್ರಿಜ್, ಮತ್ತೊಂದರಲ್ಲಿ ಹೋಮ್ ಥಿಯೇಟರ್. ತೊಗರಿ ಇನ್ನೂ ಹೊಲದಲ್ಲೇ ಇರುತ್ತದೆ, ಕಬ್ಬಿನ ಬಿಲ್ಲು ಇನ್ನೂ ಬಂದಿರುವುದಿಲ್ಲ, ಆದರೂ ಡಬ್ಬಿ ಮನೆಗೆ ಬರುತ್ತದೆ. ಹೆಂಗ ತಂದ್ರಿ ಅಂತ ಕೇಳಿದರೆ ಉತ್ತರ ಒಂದೇ: ಕಂತು.

ನಾನೂ ಹಾಗೇ ತಂದವನು. ಅದಕ್ಕೇ ಇದನ್ನು ಉಪದೇಶ ಅಂತ ಓದಬೇಡಿ, ಕೈ ಸುಟ್ಟುಕೊಂಡವನ ಮಾತು ಅಂತ ಓದಿ.

ನಮ್ಮಪ್ಪ ಸೋಮವಾರದ ಭಜನೆಗೆ ತಪ್ಪದೆ ಹೋಗುತ್ತಿದ್ದರು. ಗುಡಿಯಲ್ಲಿ ಏಳೆಂಟು ಮಂದಿ, ಒಂದು ಹಾರ್ಮೋನಿಯಂ, ಒಂದು ತಬಲಾ, ದಿಮ್ಮಡಿ, ತಾಳ. ಕಡಕೋಳ ಮಡಿವಾಳಪ್ಪನವರ ಪದ ಹೇಳುವುದರಲ್ಲಿ ಅಪ್ಪನದು ಗಟ್ಟಿ ದನಿ. ಬಹಳ ವರ್ಷದ ಹಿಂದೆ ನಮ್ಮ ಕಾಕಾ ಟೂ ಇನ್ ಒನ್ ಟೇಪ್ ತಂದಿಟ್ಟು ಒಂದು ರಾತ್ರಿಯ ಭಜನೆಯನ್ನು 60 ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಉಳಿದ ಅವರ ದನಿ ಅಷ್ಟೇ. ಆ ಕ್ಯಾಸೆಟ್ಟನ್ನು ಯಾರೋ ಮೊಬೈಲಿಗೆ ಹಾಕಿ, ಅದು ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ನನ್ನ ಹತ್ತಿರ ಬಂದಿತ್ತು.

ಅವ್ವನಿಗೆ ಅದನ್ನು ಚೊಲೊ ಸದ್ದಿನಲ್ಲಿ ಕೇಳಿಸಬೇಕು ಅಂತ ನನಗೆ ಆಸೆ. 14,500 ರೂಪಾಯಿಯ 5.1 ಹೋಮ್ ಥಿಯೇಟರ್ ತಂದೆ, 12 ಕಂತು. ಸಣ್ಣ ಡಬ್ಬಿಗಳನ್ನು ಪಡಸಾಲಿಯ ಮೂಲೆ ಮೂಲೆಗೆ ಮೊಳೆ ಹೊಡೆದು ಏರಿಸಿದೆ, ದೊಡ್ಡ ಬೇಸ್ ಡಬ್ಬಿಯನ್ನು ದಿವಾನದ ಕೆಳಗೆ ತಳ್ಳಿದೆ. ಬ್ಲೂಟೂತ್ ಹಚ್ಚಿ ಅಪ್ಪನ ಪದ ಹಾಕಿದೆ. ಅವ್ವ ಸ್ವಲ್ಪ ಹೊತ್ತು ಕುಂತು ಕೇಳಿದಳು. ಆಮೇಲೆ ಅಂದಳು:

“ಇದು ನಿಮ್ಮಪ್ಪನ ದನಿ ಅಲ್ಲೋ ತಮ್ಮಾ. ಕೊಡದಾಗ ಬಾಯಿ ಇಟ್ಟು ಹಾಡಿದಂಗ ಕೇಳಸ್ತದ.”

ಅಷ್ಟು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು. ಮೊದಲ ಕಂತು ಕಟ್ಟುವುದು ಇನ್ನೂ ಬಾಕಿ ಇತ್ತು.

ಮನೆಯಲ್ಲಿ ಹಾಡನ್ನು ಚೊಲೊ ಸದ್ದಿನಲ್ಲಿ ಕೇಳಬೇಕೆಂಬ ಆಸೆ ತಪ್ಪಲ್ಲ. ಅದಕ್ಕಾಗಿ ನಾವು ರೊಕ್ಕ ಸುರಿಯುವ ಸಾಲು ತಿರುವುಮುರುವಾಗಿದೆ. ಮೊದಲು ನೋಡಬೇಕಾದ್ದು ಕುಂತು ಕೇಳುವ ಖೋಲಿ, ಆಮೇಲೆ ಹಾಡಿನ ಕಾಪಿ, ಆಮೇಲೆ ಎರಡು ನೆಟ್ಟನೆಯ ಸ್ಪೀಕರು, ಎಲ್ಲಕ್ಕಿಂತ ಕೊನೆಗೆ ವ್ಯಾಟು. ನಾವು ಕೊನೆಯದರಿಂದ ಶುರು ಮಾಡುತ್ತೇವೆ, ಅಲ್ಲೇ ನಿಲ್ಲುತ್ತೇವೆ.

ನಾವೇನು ಕಿವಿ ಇಲ್ಲದವರೇನ್ರಿ?

ಸ್ಟೀರಿಯೊ, ಸ್ಪೀಕರು ಎಲ್ಲ ಬೆಂಗಳೂರಿನವರ ಶೋಕಿ, ನಮಗ್ಯಾಕೆ ಅಂತ ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೇಳುವ ರೂಢಿ ನಮ್ಮ ಕಡೆ ಹಳೆಯದು. ಕಡಕೋಳದ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ರಾಮಪುರದ ಬಕ್ಕಪ್ಪ, ಇವರ ಪದಗಳು ಪುಸ್ತಕಕ್ಕಿಂತ ಮೊದಲು ಕಿವಿಯಿಂದ ಕಿವಿಗೆ ಬಂದವು. ಮೊಹರಂನಲ್ಲಿ ರಿವಾಯತ್ ಪದ, ಕಲಬುರಗಿಯ ಬಂದೇನವಾಜ್ ಉರುಸಿನಲ್ಲಿ ಕವ್ವಾಲಿ, ಗಾಣಗಾಪುರದಲ್ಲಿ ದತ್ತನ ಭಜನೆ. ಅಕ್ಷರ ಬಾರದ ನಮ್ಮ ಅಜ್ಜಂದಿರು ಧಾಟಿ ತಪ್ಪಿದರೆ ಕೂಡಲೇ ಕೈ ಎತ್ತಿ ನಿಲ್ಲಿಸುತ್ತಿದ್ದರು.

1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಬಂತು. ಅದಕ್ಕೂ ಮೊದಲೇ ಧಾರವಾಡ ಕೇಂದ್ರವಿತ್ತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ನಮ್ಮ ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿ, ಇವರ ದನಿ ಊರ ಕಟ್ಟೆಗೆ ಬಂದದ್ದು ರೇಡಿಯೊದಿಂದ. ಆ ಮೀಡಿಯಂ ವೇವ್ ರೇಡಿಯೊದಲ್ಲಿ ತೀರ ಸಣ್ಣ ಕೀಚಲು ಸ್ವರ ಬರುತ್ತಿರಲಿಲ್ಲ, ನೆಲ ನಡುಗಿಸುವ ಬೇಸೂ ಬರುತ್ತಿರಲಿಲ್ಲ. ಆದರೆ ಮನುಷ್ಯನ ದನಿ ಇರುವ ನಡುವಿನ ಭಾಗ ಸರಿಯಾಗಿ ಬರುತ್ತಿತ್ತು. ಕಟ್ಟಿಗೆ ಡಬ್ಬಿಯೊಳಗೆ ಐದಾರು ಇಂಚಿನ ಒಂದೇ ಸ್ಪೀಕರ್ ಇದ್ದರೂ ಹಾಡುವವರು ಎದುರಿಗೆ ಕುಂತಂತೆ ಇರುತ್ತಿತ್ತು.

ಇನ್ನೊಂದು ಮಾತು. ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಹಚ್ಚಿದ್ದ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಮರುಳಾಗಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ ಕಥೆ ನಿಮಗೂ ಗೊತ್ತಿರುತ್ತದೆ. ಆ ಕಾಲದ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಹಾಡು. ಸ್ಟೀರಿಯೊ ಇಲ್ಲ, ಬೇಸ್ ಇಲ್ಲ, ಮೇಲೆ ಸೂಜಿಯ ಕರಕರ ಬೇರೆ. ಅಷ್ಟರಿಂದಲೇ ಮುಂದೆ 2008ರಲ್ಲಿ ಭಾರತರತ್ನ ಪಡೆದ ಗಾಯಕ ಹುಟ್ಟಿದ. ದನಿ ದನಿಯಾಗಿ ಬಂದರೆ ಸಾಕು, ಉಳಿದದ್ದನ್ನು ಕಿವಿ ನೋಡಿಕೊಳ್ಳುತ್ತದೆ.

ವ್ಯಾಟಿನ ಸುಳ್ಳು ಲೆಕ್ಕ

ಅಂಗಡಿಯಲ್ಲಿ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 5,000 ವ್ಯಾಟ್, 10,000 ವ್ಯಾಟ್ ಅಂತ ಬರೆದಿರುತ್ತದೆ. ಪಕ್ಕದಲ್ಲಿ ಸಣ್ಣದಾಗಿ ಪಿಎಂಪಿಒ ಅಂತ ಇರುತ್ತದೆ. ಈ ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಬರೆದವನ ಮನಸ್ಸಿಗೆ ಬಂದ ಸಂಖ್ಯೆ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್.

ಅದೂ ತಿಳಿಯಲಿಲ್ಲವೆಂದರೆ ಡಬ್ಬಿ ತಿರುವಿ ಹಿಂದೆ ಅಂಟಿಸಿದ ಚೀಟಿ ಓದಿ. ಅದು ಎಷ್ಟು ವ್ಯಾಟ್ ಕರೆಂಟು ತಿನ್ನುತ್ತದೆ ಅಂತ ಅಲ್ಲಿ ಬರೆದಿರುತ್ತದೆ. 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಕೊಟ್ಟಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಒಳಗೆ 24 ಹೋದರೆ ಹೊರಗೆ 5,000 ಬರಲು ಸಾಧ್ಯವೇನ್ರಿ? ಒಂದು ಸೇರು ಜೋಳ ಗಿರಣಿಗೆ ಹಾಕಿ ನಾಲ್ಕು ಚೀಲ ಹಿಟ್ಟು ಕೇಳಿದಂತೆ ಅದು.

ಖರೆ ವ್ಯಾಟ್ ಹೆಚ್ಚಾದರೂ ಸದ್ದು ಅದೇ ಲೆಕ್ಕದಲ್ಲಿ ಏರುವುದಿಲ್ಲ. 50 ವ್ಯಾಟ್ ಬಿಟ್ಟು 100 ವ್ಯಾಟ್ ತಂದರೆ ಏರುವುದು ಬರೀ 3 ಡೆಸಿಬಲ್, ಕಿವಿಗೆ ಸ್ವಲ್ಪ ಹೆಚ್ಚು ಅನಿಸಿದರೆ ಪುಣ್ಯ. ಸದ್ದು ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟು ರೊಕ್ಕ ಹಾಕುವ ಬದಲು ಚಾಪೆಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಳ್ಳುವುದು ಪುಕ್ಕಟೆ. ಹನ್ನೆರಡಕ್ಕೆ ಹದಿನೈದರ ನಮ್ಮ ಪಡಸಾಲಿಗೆ ಪದ, ವಚನ, ಸಿನಿಮಾ ಹಾಡು ಕೇಳಲು ಬದಿಗೆ 15-20 ಆರ್‌ಎಂಎಸ್ ವ್ಯಾಟ್ ಸಾಕಾಗಿ ಮಿಗುತ್ತದೆ.

ಐದು ಡಬ್ಬಿ ಯಾಕ ಬೇಕು?

5.1 ಅನ್ನುವುದು ಸಿನಿಮಾಕ್ಕಾಗಿ ಮಾಡಿದ್ದು. ಹಿಂದಿನಿಂದ ಕಾರು ಬಂದ ಸದ್ದು ಹಿಂದಿನಿಂದಲೇ ಬರಲಿ ಅಂತ ಹಿಂದೆ ಎರಡು ಡಬ್ಬಿ. ಹಾಡುಗಳು ಹೆಚ್ಚಾಗಿ ಬರುವುದು ಎರಡೇ ದಾರಿಯಲ್ಲಿ, ಎಡ ಮತ್ತು ಬಲ. ಹಳೆಯ ಭಜನೆ ಕ್ಯಾಸೆಟ್ಟಾದರೆ ಒಂದೇ ದಾರಿ. ಅಂದರೆ ಹಾಡು ಕೇಳುವಾಗ ಉಳಿದ ಡಬ್ಬಿಗಳು ಸುಮ್ಮನೆ ಕೂಡುತ್ತವೆ, ಇಲ್ಲವೇ ಅದನ್ನೇ ಮತ್ತೆ ಒದರಿ ಗೊಂದಲ ಮಾಡುತ್ತವೆ.

ನಮ್ಮವ್ವ ಅಂದ ಕೊಡದ ದನಿಗೆ ಮುಖ್ಯ ಕಾರಣವೂ ಇಲ್ಲೇ ಇದೆ. ಗಂಡಸಿನ ದನಿಯ ಬುಡ ಸುಮಾರು 100ರಿಂದ 250 ಹರ್ಟ್ಸ್ ನಡುವೆ ಇರುತ್ತದೆ. ಅಗ್ಗದ ಸೆಟ್ಟಿನ ಎರಡೂವರೆ, ಮೂರು ಇಂಚಿನ ಸಣ್ಣ ಡಬ್ಬಿಗೆ ಆ ಭಾಗವನ್ನು ಹೊರುವ ಶಕ್ತಿ ಇಲ್ಲ. ಅದನ್ನು ಬೇಸ್ ಡಬ್ಬಿ ಹೊರಬೇಕು. ಅದೋ, ದಿವಾನದ ಕೆಳಗೆ ಮೂಲೆಯಲ್ಲಿ ಕೂತು ಬರೀ ಗುಂಯ್ ಅನ್ನುತ್ತದೆ. ಹೀಗಾಗಿ ಮನುಷ್ಯನ ಎದೆ ದಿವಾನದ ಕೆಳಗೆ, ಗಂಟಲು ಮಾತ್ರ ಸೂರಿನ ಹತ್ತಿರ. ಅಂಥವನು ಹಾಡಿದರೆ ಮನುಷ್ಯ ಹಾಡಿದಂತೆ ಹೆಂಗ ಕೇಳುತ್ತದೆ?

ಆದ್ದರಿಂದ ಹಾಡಿಗೆ ಐದು ಸಣ್ಣವು ಬೇಡ, ಎರಡು ಸರಿಯಾದವು ಬೇಕು. ಕಟ್ಟಿಗೆಯ ಡಬ್ಬಿ, ಒಳಗೆ ಕನಿಷ್ಠ ಐದು-ಆರು ಇಂಚಿನ ಸ್ಪೀಕರು, ಮೇಲೊಂದು ಸಣ್ಣ ಟ್ವೀಟರು. ಹೊಸದೇ ಆಗಬೇಕೆಂದಿಲ್ಲ. ನಮ್ಮ ಕಾಕಾನ ಹಳೆಯ ಡೆಕ್ಕಿನ ಎರಡು ಡಬ್ಬಿ ಅಟ್ಟದ ಮೇಲೆ ಹೊಟ್ಟಿನ ಚೀಲದ ಹಿಂದೆ ಬಿದ್ದಿದ್ದವು. ಕೋನಿನ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿ ಆಗುತ್ತಿತ್ತು. ಫೋಮ್ ಅಂದರೆ ಹಂಗೇ, ವರ್ಷಗಳು ಕಳೆದಂತೆ ಕೊಳೆಯುತ್ತದೆ. ಆದರೆ ಅದರ ಹಿಂದಿನ ಅಯಸ್ಕಾಂತ, ಡಬ್ಬಿ ಎಲ್ಲ ಗಟ್ಟಿ ಇದ್ದವು. ಸೊಲ್ಲಾಪುರಕ್ಕೆ ಒಯ್ದು ಹೊಸ ಕೋನ್ ಹಾಕಿಸಿದೆ. ಅದಕ್ಕೊಂದು ಸಣ್ಣ ಸ್ಟೀರಿಯೊ ಆಂಪ್ಲಿಫೈಯರ್, ವೈರು ಎಲ್ಲ ಸೇರಿ ನನಗೆ ಬಿದ್ದದ್ದು 4,200 ರೂಪಾಯಿ. 14,500ರ ಕಂತು ಆಗಲೂ ನಡೆದೇ ಇತ್ತು ಅನ್ನುವುದನ್ನು ಮರೆಯಬೇಡಿ.

ಹಳೆಯದನ್ನು ಜೋಡಿಸುವವರು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಸ್ಪೀಕರಿನ ಹಿಂದೆ 4 ಓಮ್ ಅಂತ ಇದೆಯೋ 8 ಓಮ್ ಅಂತ ಇದೆಯೋ ಓದಿ. 8 ಓಮಿಗೆ ಮಾಡಿದ ಆಂಪ್ಲಿಫೈಯರಿಗೆ 4 ಓಮ್ ಸ್ಪೀಕರ್ ಹಚ್ಚಿದರೆ ಅದಕ್ಕೆ ಹೊರೆ ಹೆಚ್ಚಾಗಿ ಕಾಯುತ್ತದೆ, ಸುಟ್ಟೂ ಹೋಗಬಹುದು. ಎರಡು, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರಿನ ವೈರು ತಿರುವುಮುರುವಾದರೆ ಸದ್ದು ಬರುತ್ತದೆ, ಆದರೆ ಬೇಸ್ ಮಾಯವಾಗಿ ದನಿ ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ. ಸರಿ ಇದ್ದರೆ ಹಾಡುವವರು ಎರಡು ಡಬ್ಬಿಯ ನಡುವೆ, ಏನೂ ಇಲ್ಲದ ಜಾಗದಲ್ಲಿ, ಕುಂತಂತೆ ಕೇಳಿಸುತ್ತದೆ.

ಚಪ್ಪಾಳೆ ಹೊಡೆದು ನೋಡ್ರಿ

ಇನ್ನು ಯಾರೂ ಹೇಳದ ಮಾತು. ಸ್ಪೀಕರಿಗಿಂತ ಖೋಲಿ ದೊಡ್ಡದು.

ನಮ್ಮ ಹಳೆಯ ಮಾಳಗಿ ಮನೆ ನೆನಪು ಮಾಡಿಕೊಳ್ಳಿ. ಮಣ್ಣಿನ ಗೋಡೆ, ಮೇಲೆ ಕಟ್ಟಿಗೆ, ಮಣ್ಣು. ಗೂಡು, ಕಂಬ, ಮೂಲೆಗೆ ಜೋಳದ ಚೀಲ, ಹಗ್ಗದ ಮೇಲೆ ಕೌದಿ. ಅಲ್ಲಿ ಆಡಿದ ಮಾತು ಅಲ್ಲೇ ನಿಲ್ಲುತ್ತಿತ್ತು. ಈಗ ಆರ್‌ಸಿಸಿ ಮಾಡಿದ್ದೇವೆ. ನೆಲಕ್ಕೆ ಶಹಾಬಾದಿ ಫರಸಿ ಇಲ್ಲವೇ ಟೈಲ್ಸ್, ಗೋಡೆಗೆ ನುಣ್ಣನೆ ಸಿಮೆಂಟು, ಆಯಿಲ್ ಪೇಂಟು. ಸದ್ದು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತದೆ. ಹಿಂದಿನ ಅಕ್ಷರ ಮುಗಿಯುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ. ಎಷ್ಟೇ ತುಟ್ಟಿ ಸ್ಪೀಕರ್ ತಂದರೂ ಈ ಖೋಲಿಯಲ್ಲಿ ಪದದ ಅರ್ಥ ಕೆಡುತ್ತದೆ. ತತ್ವಪದಕ್ಕೆ ಅರ್ಥವೇ ಹೋದರೆ ಉಳಿಯುವುದೇನು?

ಪರೀಕ್ಷೆ ಸುಲಭ. ಪಡಸಾಲಿಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟಪ್ ಅಂತ ನಿಂತರೆ ಚೊಲೊ. ಟಪ್-ರ್ರ್ರ್ ಅಂತ ಕಿಣಿಕಿಣಿ ಉಳಿದರೆ ಖೋಲಿಗೆ ಔಷಧ ಬೇಕು. ಔಷಧವೂ ಮನೆಯಲ್ಲೇ ಇದೆ. ಅವ್ವ ಹೊಲಿದ ಎರಡು ದಪ್ಪ ಕೌದಿಯನ್ನು ಸ್ಪೀಕರಿನ ಎದುರಿನ ಗೋಡೆಗೆ ತೂಗುಹಾಕಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಅಂತರ ಬಿಟ್ಟರೆ ಇನ್ನೂ ಚೊಲೊ. ನೆಲಕ್ಕೆ ಜಮಖಾನ ಹಾಸಿ. ಕಿಟಕಿಗೆ ದಪ್ಪ ಪರದೆ. ಹಳೆ ಅರಿವೆ ತುಂಬಿದ ಚೀಲ, ಸುತ್ತಿದ ಹತ್ತಿ ಗಾದಿ ಇದ್ದರೆ ಮೂಲೆಗೆ ನಿಲ್ಲಿಸಿ. ನಾನು ಖರ್ಚು ಮಾಡಿದ್ದು ಆರು ಮೊಳೆ, ಒಂದು ಹಗ್ಗ.

ಆಮೇಲೆ ಜಾಗ. ಸ್ಪೀಕರು ಮೂಲೆಯಲ್ಲಿದ್ದರೆ ಬೇಸ್ ಉಬ್ಬುತ್ತದೆ, ಗೋಡೆಯಿಂದ ಒಂದು ಅಡಿ ಮುಂದೆ ತಂದರೆ ಆ ಗುಂಯ್ ಇಳಿಯುತ್ತದೆ. ಎರಡು ಡಬ್ಬಿಗಳ ನಡುವೆ ಆರು ಅಡಿ ಇದ್ದರೆ, ನೀವೂ ಒಂದೊಂದರಿಂದ ಆರು ಅಡಿ ದೂರ ಕೂಡಿ. ಎತ್ತರ ಮುಖ್ಯ. ಪಟ್ಟಣದ ಮಂದಿ ಸೋಫಾದ ಮೇಲೆ ಕೂಡುತ್ತಾರೆ, ನಾವು ನೆಲದ ಮೇಲೆ. ನಮ್ಮ ಕಿವಿ ಇರುವುದು ನೆಲದಿಂದ ಎರಡೂವರೆ ಅಡಿಗೆ. ಸ್ಪೀಕರಿನ ಬಾಯಿಯೂ ಅಲ್ಲೇ ಇರಬೇಕು. ಸೂರಿಗೆ ಏರಿಸಿದ ಡಬ್ಬಿ ಹಲ್ಲಿಗೆ ಹಾಡುತ್ತದೆ, ನಮಗಲ್ಲ.

ಕಾಪಿ ಕೆಟ್ಟರೆ ಎಲ್ಲ ಕೆಟ್ಟಂತೆ

ಇಷ್ಟು ಮಾಡಿದ ಮೇಲೂ ಅಪ್ಪನ ದನಿ ಪೂರ್ತಿ ಬರಲಿಲ್ಲ. ದೋಷ ನನ್ನ ಹತ್ತಿರವಿದ್ದ ಕಾಪಿಯಲ್ಲೇ ಇತ್ತು. ಯಾರೋ ಟೇಪ್ ಹಚ್ಚಿ, ಮುಂದೆ ಮೊಬೈಲ್ ಹಿಡಿದು, ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ರೆಕಾರ್ಡ್ ಮಾಡಿದ್ದರು. ವಾಯ್ಸ್ ಮೆಸೇಜು ಮಾತಾಡಲು ಮಾಡಿದ್ದು, ಡೇಟಾ ಉಳಿಸಲು ಸದ್ದನ್ನು ಕಿವುಚಿ ಸಣ್ಣದು ಮಾಡುತ್ತದೆ. ಒಮ್ಮೆ ಕಿವುಚಿದ್ದನ್ನು ಯಾವ ಸ್ಪೀಕರೂ ಮತ್ತೆ ಬಿಡಿಸಲಾರದು.

ಕಾಕಾನ ಹತ್ತಿರ ಮೂಲ ಕ್ಯಾಸೆಟ್ ಇನ್ನೂ ಇತ್ತು. ಟೇಪಿನ ಬೆಲ್ಟ್ ಕರಗಿ ಅಂಟಾಗಿತ್ತು, ಅದನ್ನು ಬದಲಿಸಿದೆವು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಟೇಪಿನ ಹೆಡ್‌ಫೋನ್ ತೂತಿನಿಂದ ಒಂದು ವೈರನ್ನು ನೇರ ಕಂಪ್ಯೂಟರಿಗೆ ಹಚ್ಚಿ, ಪುಕ್ಕಟೆ ಸಿಗುವ ಅಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ವೇವ್ ಫೈಲ್ ಮಾಡಿದೆವು. ಸಿಡಿ ಗುಣಮಟ್ಟದ ಸ್ಟೀರಿಯೊ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 600 ಎಂಬಿ, 90 ನಿಮಿಷದ್ದಕ್ಕೆ ಒಂದು ಜಿಬಿ ಹತ್ತಿರ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಮೂವತ್ತು ಕ್ಯಾಸೆಟ್ಟಿನ ಭಜನೆ ಕೂಡುತ್ತದೆ. ಎರಡು ಪೆನ್‌ಡ್ರೈವಿನಲ್ಲಿ ಇಡಿ, ಒಂದು ಕೆಟ್ಟರೆ ಇನ್ನೊಂದು ಇರಲಿ. ವಾಟ್ಸಾಪಿನಲ್ಲಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಹಂಗೆ ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ.

ಕ್ಯಾಸೆಟ್ಟಿನ ಪಟ್ಟಿ ಶಾಶ್ವತವಲ್ಲ. ಬಿಸಿಲು, ಧೂಳು, ಬೂಷ್ಟು ಎಲ್ಲ ಅದನ್ನು ತಿನ್ನುತ್ತವೆ. ನಮ್ಮ ಬೇಸಿಗೆ ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ. ಟೀನಿನ ಪತ್ರಾದ ಕೆಳಗಿನ ಟ್ರಂಕಿನಲ್ಲಿ ಕ್ಯಾಸೆಟ್ ಇಟ್ಟವರು ಈ ಲೇಖನ ಇಲ್ಲಿಗೇ ಬಿಟ್ಟು ಅದನ್ನು ತಂಪು ಜಾಗಕ್ಕೆ ಇಟ್ಟು ಬನ್ನಿ.

ಕರೆಂಟಿನ ಮಾತೂ ಒಂದಿಷ್ಟು

ಸಂಜೆ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತದೆ, ಏರುತ್ತದೆ. ಒಂದು ಸ್ಟೆಬಿಲೈಜರ್ ಇದ್ದರೆ ಆಂಪ್ಲಿಫೈಯರಿನ ಆಯುಷ್ಯ ಹೆಚ್ಚು. ಹಾಡು ನಿಂತಾಗಲೂ ಗುಂಯ್ ಅನ್ನುವ ಸದ್ದು ಬಂದರೆ ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಕೆಲವರು ಗುಂಯ್ ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ನನ್ನೇ ಮುರಿದು ಹಾಕುತ್ತಾರೆ. ಅದು ಜೀವಕ್ಕೆ ಅಪಾಯ, ಮಾಡಬೇಡಿ. ಸಿಡಿಲು-ಮಿಂಚು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಹುಡುಗರು ಕೇಳುವ ಪ್ರಶ್ನೆ

ನಾನು ಹಿಂಗೆಲ್ಲ ಹೇಳಿದರೆ ನಮ್ಮ ಓಣಿಯ ಹುಡುಗರು ನಗುತ್ತಾರೆ. “ಅಣ್ಣಾ, ನಿನಗ ಬೇಸ್ ಕಂಡ್ರ ಆಗಂಗಿಲ್ಲೇನು? ಎದಿ ನಡುಗಲಿಲ್ಲಂದ್ರ ಹಾಡೇನ್ ಬಂತು?”

ಬೇಸ್ ಕಂಡರೆ ನನಗೆ ಸಿಟ್ಟಿಲ್ಲ. ಹಲಗಿ, ಡೊಳ್ಳು ಕೇಳಿ ಬೆಳೆದವನು ನಾನು. ಡೊಳ್ಳಿನ ಪೆಟ್ಟು ಬೀಳುತ್ತದೆ, ನಿಲ್ಲುತ್ತದೆ, ಮುಂದಿನ ಪೆಟ್ಟಿಗೆ ಜಾಗ ಬಿಡುತ್ತದೆ. ಅಗ್ಗದ ಡಬ್ಬಿಯ ಬೇಸ್ ನಿಲ್ಲುವುದೇ ಇಲ್ಲ, ಎಲ್ಲ ಪೆಟ್ಟೂ ಒಂದೇ ಗುಂಯ್. ತಬಲಾದ ಎಡಗೈ, ಡೊಳ್ಳು, ಸಿನಿಮಾ ಹಾಡಿನ ಗಿಟಾರು ಮೂರೂ ಒಂದೇ ತರಹ ಕೇಳಿದರೆ ಅದು ಸ್ಪೀಕರಿನ ಸದ್ದು, ವಾದ್ಯದ ಸದ್ದಲ್ಲ. ಬರೀ ಸಿನಿಮಾ ನೋಡುವ ಮನೆಗೆ 5.1 ಇರಲಿ, ಬೇಡ ಅನ್ನುವುದಿಲ್ಲ. ಹೊಲಕ್ಕೆ ಒಯ್ಯಲು ಸಣ್ಣ ಬ್ಲೂಟೂತ್ ಸ್ಪೀಕರೂ ಅನುಕೂಲವೇ. ಆದರೆ ಹಾಡು ಕೇಳಲು ಅಂತ ಸಾಲ ಮಾಡುವವರು ಯಾವುದಕ್ಕೆ ಸಾಲ ಮಾಡುತ್ತಿದ್ದೇವೆ ಅಂತ ತಿಳಿದು ಮಾಡಲಿ.

ಇನ್ನು ಡಿಜೆ. ಮೆರವಣಿಗೆಯ ಡಿಜೆ ನಮ್ಮ ಕಿವಿಯ ಅಳತೆಯನ್ನೇ ಕೆಡಿಸಿದೆ. ಅದನ್ನು ಕೇಳಿ ಬಂದ ಕಿವಿಗೆ ಮನೆಯ ಸೆಟ್ಟು ಸಪ್ಪೆ ಅನಿಸಿ, ಇನ್ನೂ ದೊಡ್ಡದು ಬೇಕು ಅನಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ವಾರಕ್ಕೆ 40 ತಾಸು ಕೇಳುವುದಾದರೆ 80 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿಯೊಳಗಿನ ಸೂಕ್ಷ್ಮ ಕೂದಲಿನಂಥ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಇರುತ್ತಾಳೆ, ಹಾಸಿಗೆ ಹಿಡಿದ ಮುದುಕರಿರುತ್ತಾರೆ. ಚೊಲೊ ಸೆಟ್ಟಿನ ಗುರುತೇ ಇದು: ಸಣ್ಣ ಸದ್ದಿನಲ್ಲೂ ಎಲ್ಲ ಕೇಳಿಸಬೇಕು. ಗೋಡೆ ದಾಟದೆ ಮನಸ್ಸು ಮುಟ್ಟಬೇಕು.

ಅಂಗಡಿಗೆ ಹೋಗುವವರಿಗೆ ಇಷ್ಟೇ ಹೇಳುತ್ತೇನೆ. ಅಂಗಡಿಯವನ ಹಾಡು ಕೇಳಬೇಡಿ, ಅದು ಆ ಡಬ್ಬಿಗೆಂದೇ ಆರಿಸಿದ್ದು. ನಿಮಗೆ ಬಾಯಿಪಾಠ ಇರುವ ಎರಡು ಹಾಡನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಒಂದು ಗಂಡುದನಿ, ಒಂದು ಹೆಣ್ಣುದನಿ. ಬೇಸ್ ನಡುವಿಗೆ ಇಡಿಸಿ, ಸದ್ದು ಇಳಿಸಿ ಕೇಳಿ. ಪ್ರತಿ ನುಡಿಯೂ ತಿಳಿದರೆ ಬೆಲೆ ಕೇಳಿ. ತಿಳಿಯದಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಪಂಚಾಯಿತಿಗೆ ಒಂದು ಮಾತು

ಇದು ಬರೀ ನಮ್ಮ ಮನೆಯ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಸಂತಕವಿ ಕನಕದಾಸ ಅಧ್ಯಯನ ಕೇಂದ್ರದವರು ತತ್ವಪದಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿದ್ದಾರೆ, ದೊಡ್ಡ ಕೆಲಸ. ಅದರಿಂದ ಅಕ್ಷರ ಉಳಿಯಿತು. ಆದರೆ ಧಾಟಿ ಪುಸ್ತಕದಲ್ಲಿ ಕೂಡುವುದಿಲ್ಲ. ಒಂದೇ ಪದವನ್ನು ಅಫಜಲಪುರ ಕಡೆ ಒಂದು ನಮೂನೆ, ಜೇವರ್ಗಿ ಕಡೆ ಒಂದು ನಮೂನೆ, ಆಳಂದ ಕಡೆ ಇನ್ನೊಂದು ನಮೂನೆ ಹೇಳುತ್ತಾರೆ. ಆ ನಮೂನೆ ಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ದನಿ ಇರುವುದು ಯಾರದೋ ಮನೆಯ ಟ್ರಂಕಿನ ಕ್ಯಾಸೆಟ್ಟಿನಲ್ಲಿ.

ಪ್ರತಿ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಹೆಸರು ಬಂದಿದೆ. ಹಲವು ಕಡೆ ಕಂಪ್ಯೂಟರೂ ಇದೆ. ಅಲ್ಲಿ ಒಂದು ರಿಪೇರಿ ಮಾಡಿದ ಟೇಪು, ಒಂದು ವೈರು, ಎರಡು ಸ್ಪೀಕರು ಇಡಲು ಎಷ್ಟು ಖರ್ಚು? ಒಂದು ರಾತ್ರಿಯ ಡಿಜೆಯ ಬಾಡಿಗೆ ಸಾಕು. ಊರವರು ತಂತಮ್ಮ ಕ್ಯಾಸೆಟ್ ತಂದು ಕಾಪಿ ಮಾಡಿಸಿಕೊಂಡು ಹೋಗಲಿ, ಒಂದು ಕಾಪಿ ಅಲ್ಲೂ ಉಳಿಯಲಿ. ವಾರಕ್ಕೊಂದು ಸಂಜೆ ಹುಡುಗರು, ಮುದುಕರು ಕೂಡಿ ಕುಂತು ಕೇಳಲಿ. ನಮ್ಮ ಕರಜಗಿಯ ಪಂಚಾಯಿತಿಯೇ ಇದನ್ನು ಮೊದಲು ಮಾಡಿ ತೋರಿಸಬೇಕೆಂದು ನನ್ನ ಆಸೆ. ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಕೇಳುವವನಿದ್ದೇನೆ. ನಿಮ್ಮ ಊರಿನಲ್ಲಿ ನೀವೂ ಕೇಳಿ.

ಕೊನೆಗೆ ಆದದ್ದು ಹೇಳಿಬಿಡುತ್ತೇನೆ. ಹೊಸ ಕಾಪಿ, ಹಳೆಯ ಎರಡು ಡಬ್ಬಿ, ಗೋಡೆಗೆ ಕೌದಿ. ಒಂದು ಸೋಮವಾರ ರಾತ್ರಿ ಊಟ ಆದ ಮೇಲೆ ಹಾಕಿದೆ. ಅವ್ವ ಕೌದಿ ಗೋಡೆಗೆ ಹಾಕಿದ್ದಕ್ಕೆ ಬೈಯುತ್ತಲೇ ಬಂದು ಕುಂತಳು. ಪದ ಶುರುವಾಯಿತು. ನಡುವೆ ಒಂದು ಕಡೆ ಅಪ್ಪ ತಡೆಯುತ್ತಾರೆ, ಹಿಂದಿನಿಂದ ಇನ್ನೊಂದು ದನಿ ಸಣ್ಣಗೆ ನುಡಿ ಎತ್ತಿಕೊಡುತ್ತದೆ. ಹಳೆಯ ಕಾಪಿಯಲ್ಲಿ ಅದು ನನಗೆ ಕೇಳಿಸಿಯೇ ಇರಲಿಲ್ಲ.

“ಇಲ್ಲಿ ನಿಮ್ಮಪ್ಪ ಯಾವಾಗ್ಲೂ ಮರೀತಿದ್ರು,” ಅಂದಳು ಅವ್ವ. ನುಡಿ ಎತ್ತಿಕೊಟ್ಟವರು ಯಾರು, ತಾಳ ಹಾಕಿದವರು ಯಾರು, ಕೆಮ್ಮಿದವರು ಯಾರು, ಎಲ್ಲ ಹೆಸರು ಹಿಡಿದು ಹೇಳಿದಳು. ಅವರಲ್ಲಿ ಈಗ ಇರುವವರು ಇಬ್ಬರೇ. ಮರುದಿನ ಅವರಿಬ್ಬರ ಮನೆಗೂ ಪೆನ್‌ಡ್ರೈವ್ ಕೊಟ್ಟು ಬಂದೆ.

ಹೋಮ್ ಥಿಯೇಟರಿನ ಕೊನೆಯ ಕಂತು ಮುಂದಿನ ತಿಂಗಳು ಮುಗಿಯುತ್ತದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಸಿನಿಮಾ ನೋಡಲು ಚೊಲೊ ಇದೆ.